ಗಡಸು ನೀರಿನಲ್ಲಿ ತೊಂಬತ್ತಾರು ಗಂಟೆ: ಗೆಂಡೆ ಮರಿಗಳ ಮೇಲೆ ಕೀಟನಾಶಕದ ಪರೀಕ್ಷೆ ನಡೆಸಿದ ಅನುಭವ

ಕಲಬುರಗಿ ಜಿಲ್ಲೆಯ ಎರೆಭೂಮಿಯಲ್ಲಿ ತೊಗರಿ ಹೂಬಿಡುವ ಕಾಲ ಬಂತೆಂದರೆ ಕಾಯಿಕೊರಕದ ಭಯವೂ ಜೊತೆಗೇ ಬರುತ್ತದೆ. ಹೆಲಿಕೋವರ್ಪಾ ಆರ್ಮಿಜೆರಾ ಎಂಬ ಪತಂಗವು ಮೊಗ್ಗು, ಹೂವು ಮತ್ತು ಎಳೆಗಾಯಿಗಳ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯ ಹಂತದಲ್ಲಿಯೇ ಅದನ್ನು ತಡೆಯಬೇಕೆಂದು ನಮ್ಮ ಭಾಗದ ರೈತರು ಮೊದಲ ಸಿಂಪಡಣೆಗೆ ಪ್ರೊಫೆನೋಫಾಸ್ 50 ಇಸಿ (ಇಸಿ ಎಂದರೆ ನೀರಿಗೆ ಬೆರೆಸುವ ಸಾಂದ್ರ ದ್ರವ) ಎಂಬ ಕೀಟನಾಶಕ ಔಷಧವನ್ನು ಲೀಟರ್ ನೀರಿಗೆ 2 ಮಿಲಿಲೀಟರಿನಂತೆ ಬೆರೆಸಿ ಹೊಡೆಯುವುದು ರೂಢಿ. ಹತ್ತಿ ಹೊಲಗಳಲ್ಲಿಯೂ ಇದೇ ಔಷಧ ಬಳಕೆಯಲ್ಲಿದೆ. ಪಂಪಿಗೆ ನೀರು ತುಂಬುವುದು ಹತ್ತಿರದ ಹಳ್ಳದಿಂದ, ಬಾಂದಾರದಿಂದ ಅಥವಾ ಹೊಲದ ಮೂಲೆಯ ಕೃಷಿಹೊಂಡದಿಂದ. ಕೆಲಸ ಮುಗಿದ ಮೇಲೆ ಪಂಪ್ ತೊಳೆಯುವುದೂ ಬಹಳ ಕಡೆ ಅಲ್ಲಿಯೇ. ಈಚೆಗೆ ಅನೇಕ ರೈತರು ಅಂಥ ಹೊಂಡಗಳಲ್ಲಿ ಮೀನುಮರಿ ಬಿಡುತ್ತಿದ್ದಾರೆ. ಈ ಔಷಧ ನೀರಿಗೆ ಬಿದ್ದರೆ ಎಷ್ಟು ಪ್ರಮಾಣದಲ್ಲಿ ಮೀನು ಸಾಯುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ನೀರಿನಲ್ಲಿಯೇ, ನಮ್ಮ ಭಾಗದಲ್ಲಿ ಸಾಕುವ ಮೀನಿನ ಮೇಲೆಯೇ ಕೇಳಿ ನೋಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ನಗರದ ಒಂದು ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದ ಮೇಲೆ ಆ ಅವಕಾಶ ಒದಗಿತು.

ಮೀನಿನ ಅಲ್ಪಾವಧಿ ವಿಷತ್ವ ಪರೀಕ್ಷೆಗೆ ಜಗತ್ತಿನ ಬಹುಪಾಲು ಪ್ರಯೋಗಾಲಯಗಳು ಅನುಸರಿಸುವುದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಒಇಸಿಡಿ, ರೂಪಿಸಿದ 203ನೆಯ ಮಾರ್ಗಸೂಚಿಯನ್ನು. 1981ರಲ್ಲಿ ಮೊದಲು ಅಂಗೀಕಾರಗೊಂಡ ಈ ಮಾರ್ಗಸೂಚಿ 1992ರಲ್ಲಿ ಪರಿಷ್ಕಾರಗೊಂಡಿತು, 2019ರಲ್ಲಿ ಇನ್ನಷ್ಟು ವಿವರವಾಗಿ ತಿದ್ದುಪಡಿಯಾಯಿತು. ಅದರ ತಿರುಳು ಸರಳವಾದುದು. ಒಂದೇ ಗಾತ್ರದ, ಆರೋಗ್ಯವಂತ ಮೀನುಗಳನ್ನು ರಾಸಾಯನಿಕದ ಬೇರೆ ಬೇರೆ ಸಾಂದ್ರತೆಗಳಲ್ಲಿ 96 ಗಂಟೆಗಳ ಕಾಲ ಇಟ್ಟು, 24, 48, 72 ಮತ್ತು 96ನೆಯ ಗಂಟೆಗೆ ಎಷ್ಟು ಸತ್ತವು ಎಂದು ಬರೆದುಕೊಂಡು, ಅರ್ಧದಷ್ಟು ಮೀನುಗಳನ್ನು ಕೊಲ್ಲಬಲ್ಲ ಸಾಂದ್ರತೆಯನ್ನು ಲೆಕ್ಕಹಾಕಬೇಕು. ಆ ಸಂಖ್ಯೆಗೆ ಎಲ್‌ಸಿ50 ಎಂದು ಹೆಸರು. ಪುಸ್ತಕದಲ್ಲಿ ಓದಿದಾಗ ಇದು ವಿಷವನ್ನು ಅಳೆಯುವ ಕೆಲಸವೆಂದು ತೋರುತ್ತದೆ. ಕೈಯಿಟ್ಟು ಮಾಡಿದಾಗ ತಿಳಿದದ್ದೇನೆಂದರೆ, ಈ ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ದುಡಿಮೆ ನೀರಿಗಾಗಿ. ವಿಷವನ್ನು ತೊಟ್ಟಿಗೆ ಹಾಕುವುದು ಕೊನೆಯ ಚಿಕ್ಕ ಭಾಗ.

ಮೀನಿನ ಆಯ್ಕೆಯಲ್ಲಿ ಹೆಚ್ಚು ಯೋಚಿಸಬೇಕಾಗಲಿಲ್ಲ. ನಮ್ಮ ಕೆರೆಗಳಲ್ಲಿ ಬೆಳೆಸುವ ಕಾಟ್ಲಾ, ರೋಹು, ಮೃಗಾಲ್ ಯಾವುದೂ ಮಾರ್ಗಸೂಚಿ ಶಿಫಾರಸು ಮಾಡುವ ಮೀನುಗಳ ಪಟ್ಟಿಯಲ್ಲಿಲ್ಲ; ಆದರೆ ಸಾಮಾನ್ಯ ಗೆಂಡೆ ಇದೆ, ಮತ್ತು ಹೊಂಡಗಳಲ್ಲಿ ರೈತರು ಬಿಡುವ ಮರಿಗಳಲ್ಲಿ ಗೆಂಡೆಯದು ದೊಡ್ಡ ಪಾಲು. ಹೊರಗಿನ ಪ್ರಯೋಗಾಲಯಗಳ ಫಲಿತಾಂಶದೊಡನೆ ಹೋಲಿಸಲೂ ಆಗಬೇಕು, ಊರಿನ ರೈತನಿಗೆ ಗುರುತಿರುವ ಮೀನೂ ಆಗಿರಬೇಕು ಎಂಬ ಎರಡೂ ಅಗತ್ಯಗಳು ಅದರಲ್ಲಿ ಕೂಡಿಬಂದವು. ಗೆಂಡೆಗೆ ಹೇಳಿರುವ ಉಷ್ಣತೆ 20ರಿಂದ 24 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ಇದು ಆಗದ ಮಾತು. ಆದ್ದರಿಂದ ಕೆಲಸವನ್ನು ಚಳಿಗಾಲಕ್ಕೆ ಇಟ್ಟುಕೊಂಡೆವು. ಚಳಿಗಾಲದಲ್ಲಿಯೂ ನಮ್ಮಲ್ಲಿ ಹಗಲು ಬಿಸಿ, ನಸುಕು ತಂಪು. ಆ ಏರಿಳಿತವನ್ನು ತಡೆಯಲು ದಪ್ಪ ಗೋಡೆಯ, ಶಹಾಬಾದ್ ಕಲ್ಲಿನ ನೆಲದ ಕೆಳಮಹಡಿಯ ಕೋಣೆಯನ್ನು ಆರಿಸಿ, ಕಿಟಕಿಗಳಿಗೆ ದಪ್ಪ ಬಟ್ಟೆ ಹಾಕಿ, ರಾತ್ರಿಯ ಹೊತ್ತಿಗೆ ಉಷ್ಣನಿಯಂತ್ರಕವಿರುವ ಚಿಕ್ಕ ಹೀಟರುಗಳನ್ನು ಇಳಿಬಿಟ್ಟು, 22 ಡಿಗ್ರಿಯ ಆಚೀಚೆ ನಿಲ್ಲಿಸಿದೆವು.

ಇನ್ನು ನೀರು. ಮಾರ್ಗಸೂಚಿಯ ಪ್ರಕಾರ ಪರೀಕ್ಷೆಯ ನೀರಿನ ಒಟ್ಟು ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಲೀಟರಿಗೆ 10ರಿಂದ 250 ಮಿಲಿಗ್ರಾಂ ಒಳಗಿರಬೇಕು, ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ 6.0ರಿಂದ 8.5ರ ಒಳಗಿರಬೇಕು. ಕಲಬುರಗಿ ನಗರದ ಕೆಳಗೆ ದಖ್ಖನ್ನಿನ ಬಸಾಲ್ಟ್ ಶಿಲೆಯಿದೆ. ಚಿತ್ತಾಪುರ, ಶಹಾಬಾದ್, ಸೇಡಂ ಕಡೆಗೆ ಹೋದರೆ ಭೀಮಾ ಸುಣ್ಣಕಲ್ಲಿನ ಪದರಗಳು ಬರುತ್ತವೆ, ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೇ ಆ ಕಲ್ಲಿನ ಮೇಲೆ. ಇಂಥ ನೆಲದಿಂದ ಬರುವ ಕೊಳವೆಬಾವಿಯ ನೀರಿಗೆ ಸಾಬೂನು ನೊರೆ ಕೊಡುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ನಮ್ಮ ಆವರಣದ ಬಾವಿಯ ನೀರಿನ ಗಡಸುತನ ಅಳೆಯಲು ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಟೈಟ್ರೇಷನ್ ಮಾಡಿದಾಗ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕದ ದ್ರಾಕ್ಷಾರಸದಂಥ ಕೆಂಪು ನೀಲಿಗೆ ತಿರುಗಲು ಬ್ಯುರೆಟ್ಟಿನಿಂದ ಎಷ್ಟೋ ದ್ರಾವಣ ಇಳಿಯಬೇಕಾಯಿತು. 250ರ ಗೆರೆ ಬಹಳ ಹಿಂದೆ ಉಳಿದಿತ್ತು. ನಗರಕ್ಕೆ ಭೀಮಾ ನದಿಯಿಂದಲೂ ಬೆಣ್ಣೆತೊರಾ ಜಲಾಶಯದಿಂದಲೂ ಬರುವ ನಲ್ಲಿಯ ನೀರು ಇದಕ್ಕಿಂತ ಮೆದುವಾದುದು, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಮನುಷ್ಯನಿಗೆ ಹಿತವಾದಷ್ಟು ಕ್ಲೋರಿನ್ ಮೀನಿನ ಕಿವಿರುಗಳಿಗೆ ಮಾರಕ. ಅದನ್ನು ಸೋಡಿಯಂ ಥಯೋಸಲ್ಫೇಟಿನಿಂದ ತಟಸ್ಥಗೊಳಿಸಬಹುದು. ನಾವು ಅದಕ್ಕಿಂತ ಕಾಯುವುದನ್ನೇ ಮೆಚ್ಚಿ, ದೊಡ್ಡ ತೊಟ್ಟಿಗಳಲ್ಲಿ ಗಾಳಿ ಹಾಯಿಸಿ ನೀರನ್ನು ಕೂರಿಸಿದೆವು, ಮತ್ತು ಬಳಸುವ ಮುನ್ನ ಪ್ರತಿ ಸಲವೂ ಉಳಿಕೆ ಕ್ಲೋರಿನ್ ಇಲ್ಲವೆಂದು ಪರೀಕ್ಷಿಸಿದೆವು.

ಗಡಸುತನ, ಪಿಎಚ್ ಎಂಬ ಈ ಎರಡು ಅಂಕೆಗಳನ್ನು ಬರಿಯ ವಿಧಿಯೆಂದು ಭಾವಿಸುವವರಿದ್ದಾರೆ. ಪ್ರೊಫೆನೋಫಾಸ್ ವಿಷಯದಲ್ಲಿ ಅವೇ ಫಲಿತಾಂಶವನ್ನು ನಿರ್ಧರಿಸುತ್ತವೆ. ಈ ಸಂಯುಕ್ತ ನೀರಿನಲ್ಲಿ ತಾನಾಗಿ ಒಡೆಯುತ್ತದೆ, ಮತ್ತು ನೀರು ಕ್ಷಾರೀಯವಾದಷ್ಟೂ ಬೇಗ ಒಡೆಯುತ್ತದೆ. 20 ಡಿಗ್ರಿಯಲ್ಲಿ ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಒಡೆಯಲು ಬೇಕಾಗುವ ಕಾಲ, ಪಿಎಚ್ 5ರಲ್ಲಿ ಸುಮಾರು 93 ದಿನ, ಪಿಎಚ್ 7ರಲ್ಲಿ ಸುಮಾರು ಎರಡು ವಾರ, ಪಿಎಚ್ 9ರಲ್ಲಿ ಆರು ಗಂಟೆಗೂ ಕಡಿಮೆ. ನಮ್ಮ ಬಾವಿಯ ನೀರಿಗೆ ಗಾಳಿ ಹಾಯಿಸಿದಂತೆ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಪಿಎಚ್ ಮೇಲೇರುತ್ತ ಹೋಗಿ 8.3ರ ಸುತ್ತ ನಿಲ್ಲುತ್ತಿತ್ತು. ಮೇಲಿನ ಅಂಕೆಗಳ ನಡುವೆ ಲೆಕ್ಕ ಹಾಕಿದರೆ ಆ ಪಿಎಚ್‌ನಲ್ಲಿ ಅರ್ಧಾಯುಷ್ಯ ಸುಮಾರು ಒಂದೇ ದಿನ. ಎಂದರೆ ಬೆಳಿಗ್ಗೆ ತೊಟ್ಟಿಗೆ ಹಾಕಿದ ಔಷಧದಲ್ಲಿ ಮರುದಿನ ಬೆಳಿಗ್ಗೆ ಉಳಿಯುವುದು ಅರ್ಧ. ನಾಲ್ಕನೆಯ ದಿನಕ್ಕೆ ಹದಿನಾರನೆಯ ಒಂದು ಪಾಲು. ಇಂಥ ತೊಟ್ಟಿಯಲ್ಲಿ ಮೀನು ಬದುಕಿತೆಂದು ಸಂತೋಷಪಟ್ಟು, ಮೊದಲ ದಿನದ ಸಾಂದ್ರತೆಯನ್ನೇ ಕೋಷ್ಟಕದಲ್ಲಿ ಬರೆದರೆ, ವಿಷ ನಿಜಕ್ಕಿಂತ ಎಷ್ಟೋ ಪಾಲು ಸೌಮ್ಯವಾಗಿ ಕಾಣುತ್ತದೆ. ಗಡಸು ನೀರಿನ ಊರುಗಳಲ್ಲಿ ನಡೆದ ಪರೀಕ್ಷೆಗಳನ್ನು ಓದುವಾಗ ನಾನು ಈಗ ಮೊದಲು ಹುಡುಕುವುದು ಎಲ್‌ಸಿ50 ಸಂಖ್ಯೆಯನ್ನಲ್ಲ, ಪಿಎಚ್‌ನ ಸಾಲನ್ನು.

ಆದ್ದರಿಂದ ಎರಡು ನಿರ್ಧಾರಗಳನ್ನು ಮಾಡಿದೆವು. ಬಾವಿಯ ನೀರಿಗೆ ಆರ್‌ಒ ಯಂತ್ರದ ನೀರನ್ನು ಅಳತೆಯಿಂದ ಬೆರೆಸಿ ಗಡಸುತನವನ್ನು 180ರ ಆಸುಪಾಸಿಗೂ ಪಿಎಚ್ ಅನ್ನು 7.8ರ ಆಸುಪಾಸಿಗೂ ತಂದೆವು. ಅಲ್ಲಿ 24 ಗಂಟೆಗಳಲ್ಲಿ ಕಳೆದುಹೋಗುವುದು ಅಂದಾಜು ಐದನೆಯ ಒಂದು ಪಾಲು. ಜೊತೆಗೆ, ನೀರನ್ನು ಒಮ್ಮೆ ತುಂಬಿ ಬಿಡುವ ಸ್ಥಿರ ಪದ್ಧತಿಯನ್ನು ಕೈಬಿಟ್ಟು, ಪ್ರತಿ 24 ಗಂಟೆಗೊಮ್ಮೆ ಇಡೀ ದ್ರಾವಣವನ್ನು ಹೊಸದಾಗಿ ಬದಲಿಸುವ ಅರೆಸ್ಥಿರ ಪದ್ಧತಿಯನ್ನು ಹಿಡಿದೆವು. ನೀರನ್ನು ಮೆದುವಾಗಿಸಿದ ಮೇಲೆ ಅದು ನಮ್ಮ ಹಳ್ಳದ ನೀರೇ ಆಗಿ ಉಳಿಯಿತೇ ಎಂಬ ಆಕ್ಷೇಪಣೆ ನಮ್ಮಲ್ಲಿಯೇ ಎದ್ದಿತು. ಅದು ಸರಿಯಾದ ಆಕ್ಷೇಪಣೆ. ಆದರೆ ಮೊದಲು ಔಷಧದ ಬಲವನ್ನು ಸ್ಥಿರವಾದ ನೀರಿನಲ್ಲಿ ತಿಳಿದರೆ ಮಾತ್ರ, ಅದೇ ಔಷಧ ಹಳ್ಳದ ನೀರಿನಲ್ಲಿ ಎಷ್ಟು ಕುಗ್ಗುತ್ತದೆ ಎಂದು ಆಮೇಲೆ ಹೇಳಲು ಬರುತ್ತದೆ ಎಂಬ ಕಾರಣದಿಂದ ಈ ಕ್ರಮವನ್ನು ಒಪ್ಪಿಕೊಂಡೆವು.

ಪಿಎಚ್‌ಗೂ ಮೀನಿನ ಉಸಿರಿಗೂ ಇನ್ನೊಂದು ನಂಟಿದೆ. ಮೀನು ಕಿವಿರುಗಳ ಮೂಲಕ ಅಮೋನಿಯಾ ಹೊರಬಿಡುತ್ತದೆ. ನೀರಿನಲ್ಲಿ ಅದು ಬಹುಪಾಲು ನಿರಪಾಯಕಾರಿಯಾದ ಅಮೋನಿಯಂ ರೂಪದಲ್ಲಿರುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷಕಾರಿಯಾದ ಅಯಾನೀಕರಣಗೊಳ್ಳದ ಅಮೋನಿಯಾದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಕೀಟನಾಶಕದಿಂದ ಸತ್ತ ಮೀನು ಯಾವುದು, ಅಮೋನಿಯಾದಿಂದ ಸತ್ತದ್ದು ಯಾವುದು ಎಂದು ಆಮೇಲೆ ಬೇರ್ಪಡಿಸಲಾಗದು. ಪರೀಕ್ಷೆಗೆ 24 ಗಂಟೆ ಮೊದಲಿನಿಂದ ಮೀನುಗಳಿಗೆ ಆಹಾರ ನಿಲ್ಲಿಸುವುದು, ಪರೀಕ್ಷೆಯ ನಾಲ್ಕು ದಿನವೂ ಕೊಡದಿರುವುದು, 1992ರ ಪಠ್ಯದಂತೆ ಲೀಟರ್ ನೀರಿಗೆ ಒಂದು ಗ್ರಾಂಗಿಂತ ಹೆಚ್ಚು ತೂಕದ ಮೀನು ಇಡದಿರುವುದು, ಈ ಎಲ್ಲ ನಿಯಮಗಳ ಹಿಂದಿನ ಒಂದು ಕಾರಣ ಇದೇ. ಕರಗಿದ ಆಮ್ಲಜನಕ ಪೂರ್ಣ ಮಟ್ಟದ ಶೇಕಡಾ 60ಕ್ಕಿಂತ ಕೆಳಗಿಳಿಯಬಾರದು. 22 ಡಿಗ್ರಿಯಲ್ಲಿ ಸಮುದ್ರಮಟ್ಟದ ನೀರು ಲೀಟರಿಗೆ ಸುಮಾರು 8.7 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಯಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಅದು 8.3ರ ಹತ್ತಿರ. ನಮ್ಮ ಕೆಳಮಿತಿ, ಹಾಗಾಗಿ, 5 ಮಿಲಿಗ್ರಾಂ. ವಿಂಕ್ಲರ್ ಎಂಬ ರಾಸಾಯನಿಕ ವಿಧಾನದಿಂದ ಅಳೆದ ಅಂಕೆಗಳೊಡನೆ ಮೀಟರಿನ ಅಂಕೆಯನ್ನು ತಾಳೆ ನೋಡಿದ ಮೇಲಷ್ಟೇ ಮೀಟರನ್ನು ನಂಬಿದೆವು.

ಮರಿಗಳು ಒಂದು ಬಿತ್ತನೆ ಕೇಂದ್ರದಿಂದ ಬಂದವು. ಪಾಲಿಥಿನ್ ಚೀಲದಲ್ಲಿ ಮೂರನೆಯ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ಚೀಲವನ್ನು ತೊಟ್ಟಿಯಲ್ಲಿ ತೇಲಿಸಿ, ಒಳಗಿನ ನೀರೂ ಹೊರಗಿನ ನೀರೂ ಒಂದೇ ಉಷ್ಣತೆಗೆ ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ನೀರು ಬೆರೆಸಿ, ಆಮೇಲೆ ಮರಿಗಳನ್ನು ಬಿಟ್ಟೆವು. ಎರಡರಿಂದ ನಾಲ್ಕು ಸೆಂಟಿಮೀಟರ್ ಉದ್ದದ, ಒಂದೇ ತಳಿಗುಂಪಿನ ಮರಿಗಳು ಬೇಕಾಗಿದ್ದವು. ದೊಡ್ಡವನ್ನೂ ಚಿಕ್ಕವನ್ನೂ ಬೇರೆ ಮಾಡಿದೆವು. ಕನಿಷ್ಠ 12 ದಿನ ಪ್ರಯೋಗಾಲಯದಲ್ಲಿರಬೇಕು, ಅದರಲ್ಲಿ ಕೊನೆಯ ಏಳು ದಿನ ಪರೀಕ್ಷೆಯ ನೀರಿನಲ್ಲಿಯೇ ಇರಬೇಕು ಎಂಬುದು 1992ರ ಪಠ್ಯದ ನಿಯಮ. ಮೊದಲ 48 ಗಂಟೆ ಸುಧಾರಿಸಿಕೊಳ್ಳಲು ಬಿಟ್ಟು, ಆಮೇಲಿನ ಏಳು ದಿನಗಳಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಸತ್ತರೆ ಆ ಗುಂಪು ಯೋಗ್ಯ; 5ರಿಂದ 10 ಆದರೆ ಇನ್ನೂ ಏಳು ದಿನ ಕಾಯಬೇಕು; ಶೇಕಡಾ 10 ದಾಟಿದರೆ ಗುಂಪನ್ನೇ ತಿರಸ್ಕರಿಸಬೇಕು. ನಮಗೆ ಬಂದ ಒಂದು ಗುಂಪಿನಲ್ಲಿ ರೆಕ್ಕೆಗಳ ಅಂಚು ಕೊಳೆತಿದ್ದ ಮರಿಗಳಿದ್ದವು. ಉಪ್ಪುನೀರಿನ ಉಪಚಾರದಿಂದ ಅವು ಚೇತರಿಸಿಕೊಂಡವು, ಆದರೂ ಪರೀಕ್ಷೆಗೆ ಬಳಸಲಿಲ್ಲ, ಹೊಸ ಗುಂಪಿಗೆ ಕಾದೆವು. ರೋಗದಿಂದ ಸೋತ ಮೀನು ಕೊಡುವ ಅಂಕೆ ರೋಗದ ಅಂಕೆಯೂ ಹೌದು.

ಕೊಲ್ಲಲೆಂದೇ ಜೀವಗಳನ್ನು ಸಾಕುವುದು ಹಗುರವಾದ ಕೆಲಸವಲ್ಲ. ದಿನವೂ ಆಹಾರ ಹಾಕುವ ಕೈಯ ಕಡೆಗೆ ಈಜಿ ಬರುವ ಮರಿಗಳನ್ನು ನೋಡುತ್ತ, ಈ ಪರೀಕ್ಷೆ ನಿಜವಾಗಿ ಅಗತ್ಯವೇ ಎಂದು ನಾನು ಮತ್ತೆ ಮತ್ತೆ ಕೇಳಿಕೊಂಡಿದ್ದೇನೆ. ನೀತಿ ಸಮಿತಿಯ ಮುಂದೆ ನಾವು ಕೊಟ್ಟ ಉತ್ತರ ಎರಡು ಭಾಗದ್ದಾಗಿತ್ತು: ನಮ್ಮ ನೀರಿನಲ್ಲಿ ನಮ್ಮ ಮಾರುಕಟ್ಟೆಯ ದ್ರಾವಣದ ಮೇಲೆ ಮಾಹಿತಿ ಬೇಕಾಗಿದೆ, ಮತ್ತು ನಿಯಮ ಒಪ್ಪುವ ಕನಿಷ್ಠ ಸಂಖ್ಯೆಗಿಂತ ಒಂದು ಮರಿಯನ್ನೂ ಹೆಚ್ಚು ಬಳಸುವುದಿಲ್ಲ. ಪ್ರತಿ ಸಾಂದ್ರತೆಗೆ ಏಳು ಮರಿ, ಐದು ಸಾಂದ್ರತೆ, ಜೊತೆಗೆ ಔಷಧ ಹಾಕದ ಒಂದು ನಿಯಂತ್ರಣ ತೊಟ್ಟಿ, ಒಟ್ಟು 42. ಹೊರಳಲಾರದೆ, ಮರಳಿ ಚೇತರಿಸಿಕೊಳ್ಳಲಾರದ ಸ್ಥಿತಿ ತಲುಪಿದ ಮೀನನ್ನು ಸಾಯಲು ಬಿಟ್ಟು ನೋಡುತ್ತ ಕೂರುವುದಿಲ್ಲ, ಲವಂಗದೆಣ್ಣೆಯ ದ್ರಾವಣದಲ್ಲಿ ಅರಿವಳಿಕೆ ಕೊಟ್ಟು ಅದರ ಸಂಕಟ ಮುಗಿಸುತ್ತೇವೆ ಎಂದೂ ಬರೆದುಕೊಟ್ಟೆವು. ಮೀನಿನ ಭ್ರೂಣದ ಮೇಲೆ ನಡೆಸುವ 236ನೆಯ ಮಾರ್ಗಸೂಚಿ 2013ರಲ್ಲಿಯೂ, ಟ್ರೌಟ್ ಮೀನಿನ ಕಿವಿರಿನ ಜೀವಕೋಶಗಳ ಮೇಲೆ ನಡೆಸುವ 249ನೆಯದು 2021ರಲ್ಲಿಯೂ ಬಂದಿವೆ. ಜೀವಕೋಶ ಸಾಕಣೆಯ ಸೌಲಭ್ಯ ನಮ್ಮ ಭಾಗದ ಪ್ರಯೋಗಾಲಯಗಳಿಗೆ ದೊರೆತ ದಿನ ಈ 42 ಮರಿಗಳ ಅಗತ್ಯವೂ ಕಡಿಮೆಯಾದೀತು, ಮತ್ತು ಆ ದಿನ ಬೇಗ ಬರಲೆಂದು ನಾನು ಮನಸಾರೆ ಬಯಸುತ್ತೇನೆ.

ಸಾಂದ್ರತೆಗಳನ್ನು ಗೊತ್ತುಮಾಡುವ ಮೊದಲು ಬೆರಳೆಣಿಕೆಯ ಮರಿಗಳ ಮೇಲೆ, ಒಂದಕ್ಕೊಂದು ಹತ್ತು ಪಟ್ಟು ಅಂತರದ ಪ್ರಮಾಣಗಳಲ್ಲಿ, ಒಂದು ಪ್ರಾಥಮಿಕ ಪರೀಕ್ಷೆ ಮಾಡಬೇಕಾಗುತ್ತದೆ. ಪ್ರಕಟಿತ ಮಾಹಿತಿ ಇದ್ದಷ್ಟೂ ಇದಕ್ಕೆ ಬೇಕಾಗುವ ಜೀವಗಳು ಕಡಿಮೆ. ಪ್ರೊಫೆನೋಫಾಸ್‌ನ 96 ಗಂಟೆಗಳ ಎಲ್‌ಸಿ50 ಮಳೆಬಿಲ್ಲು ಟ್ರೌಟ್‌ಗೆ ಲೀಟರಿಗೆ ಸುಮಾರು 0.08 ಮಿಲಿಗ್ರಾಂ, ಬ್ಲೂಗಿಲ್ ಮೀನಿಗೆ ಸುಮಾರು 0.3 ಮಿಲಿಗ್ರಾಂ ಎಂಬ ಅಂಕೆಗಳು ಮೊದಲೇ ಇದ್ದುದರಿಂದ ನಮ್ಮ ಹುಡುಕಾಟ ಇಕ್ಕಟ್ಟಾದ ಹರವಿನಲ್ಲಿಯೇ ಮುಗಿಯಿತು. ಮುಖ್ಯ ಪರೀಕ್ಷೆಯಲ್ಲಿ ಒಂದು ಸಾಂದ್ರತೆಯಿಂದ ಮುಂದಿನದಕ್ಕೆ 2.2 ಪಟ್ಟಿಗಿಂತ ಹೆಚ್ಚಿನ ಜಿಗಿತ ಇರಬಾರದು. 1.8 ಪಟ್ಟನ್ನು ಆರಿಸಿದರೆ 0.1ರ ಮುಂದಿನ ಮೆಟ್ಟಿಲುಗಳು 0.18, 0.32, 0.58, 1.05 ಎಂದಾಗುತ್ತವೆ, ಲಘುಗಣಕದ ಕಾಗದದ ಮೇಲೆ ಇವು ಸಮಾನ ಅಂತರದಲ್ಲಿ ಕೂರುತ್ತವೆ, ಲೆಕ್ಕಕ್ಕೆ ಬೇಕಾದದ್ದೂ ಅದೇ.

50 ಇಸಿ ಎಂದರೆ ಒಂದು ಮಿಲಿಲೀಟರಿನಲ್ಲಿ 500 ಮಿಲಿಗ್ರಾಂ ಸಕ್ರಿಯ ವಸ್ತು. ಅದನ್ನು ಒಂದು ಲೀಟರ್ ನೀರಿಗೆ ಸೇರಿಸಿದಾಗ ಹಾಲಿನಂಥ ಎಮಲ್ಷನ್ ಆಗುತ್ತದೆ, ಮೂಗಿಗೆ ಬೆಳ್ಳುಳ್ಳಿಯಂಥ ಮಂದ ವಾಸನೆ ತಟ್ಟುತ್ತದೆ. ಆ ಮೂಲದ್ರಾವಣದ 4 ಮಿಲಿಲೀಟರ್ 20 ಲೀಟರಿನ ಗಾಜಿನ ತೊಟ್ಟಿಗೆ ಬಿದ್ದರೆ ಅಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಆಗುತ್ತದೆ. ಪ್ಲಾಸ್ಟಿಕ್ ತೊಟ್ಟಿಗಳು ಅಗ್ಗ, ಆದರೆ ಇಂಥ ಎಣ್ಣೆಸ್ವಭಾವದ ಸಂಯುಕ್ತಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ನೀರಿನಿಂದ ಮಾಯವಾಗುತ್ತವೆ, ಗಾಜೇ ಬೇಕು. ಮೂಲದ್ರಾವಣವನ್ನು ಪ್ರತಿದಿನ ಹೊಸದಾಗಿ ಮಾಡಿಕೊಂಡೆವು. ಮಾರುಕಟ್ಟೆಯ ಬಾಟಲಿಯಲ್ಲಿ ಸಕ್ರಿಯ ವಸ್ತುವಿನ ಜೊತೆಗೆ ದ್ರಾವಕವೂ ಎಮಲ್ಷನ್‌ಕಾರಕವೂ ಇರುತ್ತವೆಂಬುದನ್ನು ಇಲ್ಲಿ ಹೇಳಲೇಬೇಕು. ಶುದ್ಧ ಪ್ರೊಫೆನೋಫಾಸ್‌ನ ಬಲವನ್ನಷ್ಟೇ ತಿಳಿಯಬೇಕೆಂದರೆ ಶುದ್ಧ ವಸ್ತುವನ್ನೇ ತರಬೇಕು. ಆದರೆ ಹೊಂಡಕ್ಕೆ ಬೀಳುವುದು ಬಾಟಲಿಯ ದ್ರಾವಣ, ಆದ್ದರಿಂದ ನಾವು ಪರೀಕ್ಷಿಸಿದ್ದೂ ಅದನ್ನೇ.

ಯಾವ ತೊಟ್ಟಿಗೆ ಯಾವ ಸಾಂದ್ರತೆ, ಯಾವ ಮರಿ ಯಾವ ತೊಟ್ಟಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದೆವು. ಕಿಟಕಿಯ ಹತ್ತಿರದ ತೊಟ್ಟಿಗೆಲ್ಲ ಕಡಿಮೆ ಪ್ರಮಾಣ, ಮೂಲೆಯವಕ್ಕೆಲ್ಲ ಹೆಚ್ಚು ಎಂದಾಗಬಾರದು. ಬಲೆಗೆ ಸುಲಭವಾಗಿ ಸಿಗುವ ದುರ್ಬಲ ಮರಿಗಳೆಲ್ಲ ಒಂದೇ ತೊಟ್ಟಿಗೆ ಸೇರಬಾರದು.

ಮೊದಲ ಗಂಟೆಯಲ್ಲಿ ಹೆಚ್ಚೇನೂ ಕಾಣಲಿಲ್ಲ. ಮೂರನೆಯ ಗಂಟೆಯ ಹೊತ್ತಿಗೆ ಎತ್ತರದ ಎರಡು ಸಾಂದ್ರತೆಗಳಲ್ಲಿ ಮರಿಗಳ ನಡೆ ಬದಲಾಯಿತು. ಪ್ರೊಫೆನೋಫಾಸ್ ಆರ್ಗನೋಫಾಸ್ಫೇಟ್ ಗುಂಪಿನ ವಿಷ. ನರಗಳ ಸಂಧಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕವನ್ನು ತನ್ನ ಕೆಲಸ ಮುಗಿದೊಡನೆ ಒಡೆದುಹಾಕುವ ಕಿಣ್ವವನ್ನು ಅದು ತಡೆಯುತ್ತದೆ. ಸಂದೇಶ ನಿಲ್ಲದೆ ಹರಿಯುತ್ತದೆ, ಸ್ನಾಯು ಬಿಡುವಿಲ್ಲದೆ ಬಿಗಿಯುತ್ತದೆ. ಪುಸ್ತಕದ ಈ ವಾಕ್ಯಗಳು ತೊಟ್ಟಿಯೊಳಗೆ ಹೇಗೆ ಕಾಣುತ್ತವೆ ಎಂಬುದನ್ನು ಆ ದಿನ ನೋಡಿದೆ. ಗುಂಪಾಗಿ ಒಂದೇ ದಿಕ್ಕಿಗೆ ಈಜುವ ಅಭ್ಯಾಸ ಮೊದಲು ಮುರಿಯಿತು. ಒಂದೊಂದೇ ಮರಿ ಬೇರ್ಪಟ್ಟು, ಹಠಾತ್ತನೆ ಚಿಮ್ಮಿ, ಗಾಜಿಗೆ ತಗುಲಿ, ಮತ್ತೆ ತಳದಲ್ಲಿ ನಿಶ್ಚಲವಾಗುತ್ತಿತ್ತು. ಎದೆಯ ರೆಕ್ಕೆಗಳು ಮುಂದಕ್ಕೆ ಸೆಟೆದು ನಿಂತವು. ಕಿವಿರುಮುಚ್ಚಳದ ಬಡಿತ ಮೊದಲು ಹೆಚ್ಚಿ, ಆಮೇಲೆ ತಪ್ಪುತ್ತ ಹೋಯಿತು. ಮೈಮೇಲೆ ಲೋಳೆ ಹೆಚ್ಚಿತು, ಕೆಲವು ಮರಿಗಳು ನೀರಿನ ಮೇಲ್ಪದರಕ್ಕೆ ಬಂದು ಗಾಳಿ ನುಂಗಿದವು, ಒಂದೆರಡು ಸಮತೋಲನ ಕಳೆದುಕೊಂಡು ಪಕ್ಕಕ್ಕೆ ವಾಲಿ ಸುರುಳಿಯಾಗಿ ಈಜಿದವು. ನಿಯಂತ್ರಣ ತೊಟ್ಟಿಯ ಮರಿಗಳು ಅದೇ ಹೊತ್ತಿಗೆ ಎಂದಿನಂತೆ ಒಟ್ಟಾಗಿ ತಿರುಗುತ್ತಿದ್ದವು. ಕೇವಲ ಸತ್ತ ಮೀನುಗಳ ಎಣಿಕೆಯನ್ನು ಮಾತ್ರ ಬರೆದಿಟ್ಟ ವರದಿಗಳು ಎಷ್ಟೊಂದು ಸಂಗತಿಯನ್ನು ಬಿಟ್ಟುಬಿಡುತ್ತವೆ ಎಂದು ನನಗೆ ಅನ್ನಿಸಿದ್ದು ಅಲ್ಲಿ. ಯಾವ ಮರಿಯೂ ಸಾಯದ ಕೆಳಗಿನ ಸಾಂದ್ರತೆಯಲ್ಲಿಯೂ ಮೂರನೆಯ ದಿನ ಗುಂಪು ಚದುರಿತ್ತು. ಕೆರೆಯಲ್ಲಿ ಹಾಗೆ ಚದುರಿದ ಮರಿಯನ್ನು ಕೊಕ್ಕರೆಯೋ ದೊಡ್ಡ ಮೀನೋ ಹಿಡಿಯುತ್ತದೆ, ಆದರೆ ನಮ್ಮ ಎಲ್‌ಸಿ50 ಲೆಕ್ಕದಲ್ಲಿ ಅದು ಬದುಕಿದ ಮೀನು. 2019ರ ಪರಿಷ್ಕಾರವು ಈ ಲಕ್ಷಣಗಳನ್ನು ಕ್ರಮವಾಗಿ ದಾಖಲಿಸಬೇಕೆಂದು ಒತ್ತಿ ಹೇಳುವುದು ಅತ್ಯಂತ ಸರಿಯಾದ ಕ್ರಮವೆಂದು ನಾನು ನಂಬುತ್ತೇನೆ.

ಮೀನು ಸತ್ತಿದೆಯೆಂದು ಹೇಳಲು ಎರಡು ಗುರುತುಗಳು ಬೇಕು: ಕಿವಿರಿನ ಚಲನೆ ಸೇರಿದಂತೆ ಕಣ್ಣಿಗೆ ಕಾಣುವ ಯಾವ ಚಲನೆಯೂ ಇರಬಾರದು, ಬಾಲದ ಬುಡವನ್ನು ಗಾಜಿನ ಕಡ್ಡಿಯಿಂದ ಮೃದುವಾಗಿ ಮುಟ್ಟಿದರೆ ಪ್ರತಿಕ್ರಿಯೆ ಇರಬಾರದು. ಸತ್ತದ್ದನ್ನು ಕೂಡಲೆ ತೆಗೆಯಬೇಕು, ಇಲ್ಲವಾದರೆ ಅದು ಕೊಳೆತು ಉಳಿದವುಗಳ ಆಮ್ಲಜನಕವನ್ನು ಕಸಿಯುತ್ತದೆ. ರಾತ್ರಿಯ ಪಾಳಿಯನ್ನು ನಾವು ಸಂಗಡಿಗರು ಹಂಚಿಕೊಂಡೆವು. ಎರಡನೆಯ ರಾತ್ರಿ ವಿದ್ಯುತ್ ಹೋಯಿತು. ಬ್ಯಾಟರಿಯ ಗಾಳಿಯಂತ್ರಗಳು ಸಿದ್ಧವಾಗಿದ್ದುದರಿಂದ ಆಮ್ಲಜನಕ ಇಳಿಯಲಿಲ್ಲ, ಉಷ್ಣತೆಯೂ ಮಿತಿಯೊಳಗೇ ಉಳಿಯಿತು. ಆ ಅಂಕೆಗಳನ್ನೂ ವರದಿಯಲ್ಲಿ ಸೇರಿಸಿದ್ದೇವೆ. ನಿಯಂತ್ರಣ ತೊಟ್ಟಿಯಲ್ಲಿ ಶೇಕಡಾ 10ಕ್ಕಿಂತ ಹೆಚ್ಚು, ಅಥವಾ ಹತ್ತಕ್ಕಿಂತ ಕಡಿಮೆ ಮೀನುಗಳಿದ್ದಾಗ ಒಂದಕ್ಕಿಂತ ಹೆಚ್ಚು, ಸತ್ತರೆ ಇಡೀ ಪರೀಕ್ಷೆ ಅಸಿಂಧು. ನಮ್ಮದರಲ್ಲಿ ಒಂದೂ ಸಾಯಲಿಲ್ಲ.

ಪ್ರತಿದಿನ ನೀರು ಬದಲಿಸುವ ಮುನ್ನ ಹಳೆಯ ದ್ರಾವಣದಿಂದಲೂ ಬದಲಿಸಿದ ಮೇಲೆ ಹೊಸದರಿಂದಲೂ ಮಾದರಿ ತೆಗೆದು, ಆಮ್ಲೀಕರಿಸಿ, ತಂಪಿನಲ್ಲಿಟ್ಟು ಔಷಧ ಎಷ್ಟಿದೆಯೆಂದು ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಫಿ ವಿಶ್ಲೇಷಣೆಗೆ ಕಳಿಸಿದೆವು. ಆಮ್ಲೀಕರಿಸದೆ ಕಳಿಸಿದ್ದರೆ ದಾರಿಯಲ್ಲಿಯೇ ಔಷಧ ಒಡೆಯುತ್ತ ಹೋಗುತ್ತಿತ್ತು. ಬರೆದುಕೊಂಡ ಸಾಂದ್ರತೆ 0.1 ಇದ್ದು, 24 ಗಂಟೆಯ ಕೊನೆಗೆ 0.078 ಉಳಿದಿದ್ದರೆ, ಲೆಕ್ಕಕ್ಕೆ ಹಿಡಿಯಬೇಕಾದದ್ದು ಅವೆರಡರ ಗುಣೋತ್ತರ ಸರಾಸರಿಯಾದ (ಗುಣಿಸಿ ವರ್ಗಮೂಲ ತೆಗೆದ) 0.088. ಈ ವಿಶ್ಲೇಷಣೆಗೆ ಹಣ ಬೇಕು, ಉಪಕರಣ ಬೇಕು, ಅದಕ್ಕಾಗಿ ಅನೇಕ ಪ್ರಯೋಗಾಲಯಗಳು ಇದನ್ನು ಬಿಟ್ಟು, ಹಾಕಿದ ಪ್ರಮಾಣವನ್ನೇ ಇದ್ದ ಪ್ರಮಾಣವೆಂದು ಬರೆಯುತ್ತವೆ. ಹಣದ ಕೊರತೆಯನ್ನು ನಾನು ಬಲ್ಲೆ. ಆದರೂ ಬೇಗ ಒಡೆಯುವ ಸಂಯುಕ್ತದ ಪರೀಕ್ಷೆಯಲ್ಲಿ ಈ ಒಂದು ಖರ್ಚನ್ನು ಉಳಿಸಬಾರದು; ಬೇಕಾದರೆ ಬೇರೆ ಖರ್ಚನ್ನು ಕಡಿಮೆ ಮಾಡಬೇಕು.

ಲೆಕ್ಕದ ಭಾಗವನ್ನು ಚಿಕ್ಕದಾಗಿ ಹೇಳುತ್ತೇನೆ. ಸಾಂದ್ರತೆಗೂ ಸಾವಿಗೂ ಇರುವ ಸಂಬಂಧ ನೇರ ಗೆರೆಯಲ್ಲ, ಇಂಗ್ಲಿಷಿನ ಎಸ್ ಅಕ್ಷರದಂಥ ವಕ್ರರೇಖೆ. ಸಾಂದ್ರತೆಯನ್ನು ಲಘುಗಣಕಕ್ಕೂ, ಸಾವಿನ ಶೇಕಡಾವಾರನ್ನು ಪ್ರೊಬಿಟ್ ಎಂಬ ಸಂಖ್ಯಾಶಾಸ್ತ್ರದ ಅಳತೆಗೂ ಪರಿವರ್ತಿಸಿದರೆ ಅದು ಗೆರೆಯಾಗುತ್ತದೆ. 1934ರಲ್ಲಿ ಚೆಸ್ಟರ್ ಬ್ಲಿಸ್ ಮುಂದಿಟ್ಟ ಈ ಪದ್ಧತಿಯ ರೂಢಿಯ ರೂಪದಲ್ಲಿ ಶೇಕಡಾ 50ಕ್ಕೆ ಪ್ರೊಬಿಟ್ 5, ಶೇಕಡಾ 16ಕ್ಕೆ ಸುಮಾರು 4, ಶೇಕಡಾ 84ಕ್ಕೆ ಸುಮಾರು 6. ಗೆರೆಯು 5ನ್ನು ದಾಟುವಲ್ಲಿ ಎಲ್‌ಸಿ50 ಸಿಗುತ್ತದೆ. ಶೇಕಡಾ 50ನ್ನೇ ಏಕೆ ಆರಿಸಿದ್ದಾರೆಂದರೆ, ವಕ್ರರೇಖೆಯ ನಟ್ಟನಡುವೆ ಅಂದಾಜಿನ ಅನಿಶ್ಚಿತತೆ ಅತಿ ಕಡಿಮೆ. ತುದಿಗಳಲ್ಲಿ, ಉದಾಹರಣೆಗೆ ನೂರಕ್ಕೆ ಒಂದು ಮೀನು ಸಾಯುವ ಸಾಂದ್ರತೆಯಲ್ಲಿ, ಅದು ಬಹಳ ಹಿಗ್ಗುತ್ತದೆ. ಏಳೇ ಮೀನುಗಳಿರುವಾಗ ವಿಶ್ವಾಸಾಂತರ, ಅಂದರೆ ನಿಜವಾದ ಮೌಲ್ಯ ಇರಬಹುದಾದ ಹರವು, ಅಗಲವಾಗಿರುವುದು ಸಹಜ, ಅದನ್ನು ಮರೆಮಾಚದೆ ಎಲ್‌ಸಿ50ರ ಪಕ್ಕದಲ್ಲಿಯೇ ಬರೆಯಬೇಕು. ನಮ್ಮ ಸಂಖ್ಯೆಯನ್ನು ಇಲ್ಲಿ ಕೊಡುತ್ತಿಲ್ಲ, ಪ್ರಬಂಧ ಇನ್ನೂ ಪರಿಶೀಲನೆಯಲ್ಲಿದೆ. ಅದು ಲೀಟರಿಗೆ 1 ಮಿಲಿಗ್ರಾಂಗಿಂತ ಸಾಕಷ್ಟು ಕೆಳಗಿದೆ ಎಂದಷ್ಟೇ ಹೇಳಬಲ್ಲೆ. ರಾಸಾಯನಿಕಗಳ ಜಾಗತಿಕ ವರ್ಗೀಕರಣದಲ್ಲಿ 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕೆಳಗಿನ ಎಲ್‌ಸಿ50 ಇರುವ ವಸ್ತು ಜಲಜೀವಿಗಳಿಗೆ ಅತ್ಯಂತ ವಿಷಕಾರಿಯಾದ ಮೊದಲನೆಯ ವರ್ಗಕ್ಕೆ ಸೇರುತ್ತದೆ.

ಎಲ್‌ಸಿ50 ಎಂದರೆ ಅದರ ಕೆಳಗಿನ ಪ್ರಮಾಣ ಸುರಕ್ಷಿತವೆಂದು ಎಷ್ಟೋ ಜನ ತಿಳಿಯುತ್ತಾರೆ. ಅರ್ಧದಷ್ಟು ಮೀನು ಸಾಯುವ ಮಟ್ಟವದು, ಮೀನು ಬಾಳುವ ಮಟ್ಟವಲ್ಲ. ಮೀನು, ನೀರುಚಿಗಟ (ಡ್ಯಾಫ್ನಿಯಾ), ಪಾಚಿ ಎಂಬ ಮೂರು ಹಂತದ ಜೀವಿಗಳ ಅಲ್ಪಾವಧಿ ಪರೀಕ್ಷೆಗಳಷ್ಟೇ ಕೈಯಲ್ಲಿದ್ದಾಗ, ಅವುಗಳಲ್ಲಿ ಅತಿ ಕಡಿಮೆ ಮೌಲ್ಯವನ್ನು 1000ದಿಂದ ಭಾಗಿಸಿ ಸುರಕ್ಷತೆಯ ಅಂದಾಜು ಮಾಡುವ ಪದ್ಧತಿ ಯುರೋಪಿನ ರಾಸಾಯನಿಕ ನಿಯಂತ್ರಣದಲ್ಲಿದೆ. ಅಷ್ಟು ದೊಡ್ಡ ಭಾಜಕ ಏಕೆಂದು ಮೊದಲು ನನಗೂ ಅಚ್ಚರಿಯಾಗಿತ್ತು. ಮೂರನೆಯ ದಿನ ಚದುರಿದ ಆ ಗುಂಪನ್ನು ನೋಡಿದ ಮೇಲೆ ಆಗುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ಉಳಿದ ನೂರಾರು ಲೀಟರ್ ವಿಷದ ನೀರನ್ನು ಚರಂಡಿಗೆ ಬಿಡುವುದು ಸಾಧ್ಯವೇ ಇರಲಿಲ್ಲ. ಮೀನಿಗೆ ಎಷ್ಟು ಕೆಟ್ಟದ್ದೆಂದು ಈಗಷ್ಟೇ ಕಂಡಿದ್ದೆವು. ಪ್ರತಿದಿನ ಬದಲಿಸಿದ ನೀರನ್ನೆಲ್ಲ ಮುಚ್ಚಳವಿರುವ ಪೀಪಾಯಿಗಳಲ್ಲಿ ಕೂಡಿಟ್ಟು, ಕ್ಷಾರ ಸೇರಿಸಿ ಪಿಎಚ್ ಏರಿಸಿದೆವು. ಪರೀಕ್ಷೆಯಲ್ಲಿ ನಮ್ಮನ್ನು ಕಾಡಿದ ಜಲವಿಚ್ಛೇದನೆಯೇ, ಅಂದರೆ ನೀರಿನಲ್ಲಿ ಔಷಧ ಒಡೆಯುವ ಕ್ರಿಯೆಯೇ, ಇಲ್ಲಿ ನೆರವಾಯಿತು. ಆದರೆ ಒಡೆದಾಗ ಹುಟ್ಟುವ ಬ್ರೋಮೋಕ್ಲೋರೋಫೀನಾಲ್ ಕೂಡ ನಿರಪಾಯಕಾರಿಯಲ್ಲ, ಆದ್ದರಿಂದ ಆ ನೀರನ್ನು ತಟಸ್ಥಗೊಳಿಸಿ ಸಕ್ರಿಯ ಇದ್ದಿಲಿನ ಪದರದ ಮೂಲಕ ಹಾಯಿಸಿ, ಇದ್ದಿಲನ್ನು ಅಪಾಯಕಾರಿ ತ್ಯಾಜ್ಯವಾಗಿ ಪ್ರತ್ಯೇಕಿಸಿದೆವು.

ಇದೆಲ್ಲ ಆದ ಮೇಲೆ ಆಳಂದ ಕಡೆಯ ಒಂದು ಹಳ್ಳಿಯಲ್ಲಿ ತೊಗರಿ ಬೆಳೆಗಾರರ ಜೊತೆ ಕುಳಿತು ಮಾತನಾಡುವ ಸಂದರ್ಭ ಬಂತು. ಎಲ್‌ಸಿ50 ಬದಲು ಪಂಪಿನ ಲೆಕ್ಕ ಹೇಳಿದೆ. 15 ಲೀಟರಿನ ಪಂಪಿಗೆ 30 ಮಿಲಿಲೀಟರ್ ಔಷಧ, ಅಂದರೆ 15 ಗ್ರಾಂ ಸಕ್ರಿಯ ವಸ್ತು. ಒಂದು ಲಕ್ಷ ಲೀಟರ್ ನೀರಿರುವ ಹೊಂಡಕ್ಕೆ ಆ ಇಡೀ ಪಂಪ್ ಸುರಿದರೆ ಲೀಟರಿಗೆ 0.15 ಮಿಲಿಗ್ರಾಂ ಆಗುತ್ತದೆ, ಅದು ಟ್ರೌಟ್ ಮೀನಿನ ಅಂಕೆಯ ಸುಮಾರು ಎರಡು ಪಟ್ಟು. ತಳದಲ್ಲಿ ಉಳಿದ ಒಂದು ಲೀಟರನ್ನು ಮಾತ್ರ ಚೆಲ್ಲಿದರೆ ಅದೇ ಹೊಂಡದಲ್ಲಿ 0.01, ಆದರೆ ಸಾವಿರ ಲೀಟರಿನ ಚಿಕ್ಕ ಮಡುವಿನಲ್ಲಿ ಅದೇ ಒಂದು ಲೀಟರ್ 1 ಮಿಲಿಗ್ರಾಂ ಆಗುತ್ತದೆ. ಹಳ್ಳ ಬತ್ತಿ ಮಡುಗಳಷ್ಟೇ ಉಳಿಯುವ ಕಾಲವೂ ತೊಗರಿಗೆ ಔಷಧ ಹೊಡೆಯುವ ಕಾಲವೂ ನಮ್ಮಲ್ಲಿ ಬಹುಮಟ್ಟಿಗೆ ಒಂದೇ. ಹಿರಿಯ ರೈತರೊಬ್ಬರು ಕೇಳಿದರು: "ಮೀನ ಸಾಯ್ತಾವಂತ ತಿಳೀತ್ರಿ, ಆದ್ರ ಎಮ್ಮಿಗೂ ನಾವು ಅದs ನೀರ ಕುಡಸ್ತೀವಲ್ಲ, ಅದಕ್ಕೇನಾಗ್ತದ?" ಮೀನಿನ ಪರೀಕ್ಷೆ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಕಿವಿರಿನಿಂದ ನೇರವಾಗಿ ವಿಷ ಹೀರುವ ಜೀವಕ್ಕೂ ಬಾಯಿಂದ ಕುಡಿಯುವ ಜೀವಕ್ಕೂ ಲೆಕ್ಕವೇ ಬೇರೆ ಎಂದು ಹೇಳಿದೆ. ಪಂಪನ್ನು ಮೂರು ಸಲ ತೊಳೆದು ಆ ನೀರನ್ನು ಅದೇ ಹೊಲದ ಬೆಳೆಯ ಮೇಲೆ ಹೊಡೆಯಬೇಕು ಎಂಬುದನ್ನು ಅವರು ಒಪ್ಪಿದರು, ಆದರೆ ತೊಳೆಯುವ ನೀರನ್ನು ಹೊಂಡದಿಂದ ಹೊಲಕ್ಕೆ ಹೊತ್ತು ತರುವವರು ಯಾರೆಂದು ಕೇಳಿದರು. ಹೊಂಡದ ಬದುವಿನಿಂದ ದೂರ ಒಂದು ಪೀಪಾಯಿ ಇಟ್ಟು, ಸಿಂಪಡಣೆಗೆ ಬೇಕಾದ ನೀರನ್ನು ಮೊದಲೇ ಅದಕ್ಕೆ ತುಂಬಿಕೊಂಡರೆ ತೊಳೆಯಲೂ ಅದೇ ಸಾಕಾಗುತ್ತದೆ ಎಂದು ಅಲ್ಲಿದ್ದ ಯುವಕನೊಬ್ಬ ಸೂಚಿಸಿದ. ಮುಂದಿನ ಹಂಗಾಮಿನ ಪರೀಕ್ಷೆಯನ್ನು ಅದೇ ಹಳ್ಳಿಯ ಹೊಂಡದ ನೀರಿನಲ್ಲಿ, ಅದರ ಎರೆಮಣ್ಣಿನ ರಾಡಿಯನ್ನು ಸೋಸದೆ, ಪಿಎಚ್ ಬದಲಿಸದೆ ನಡೆಸಬೇಕೆಂದಿದ್ದೇವೆ. ಆಗ ನೀರಿನ ಪ್ರಭಾವ ಎಷ್ಟೆಂಬುದು ಎರಡು ಅಂಕೆಗಳ ಅಂತರದಲ್ಲಿ ಸಿಗುತ್ತದೆ.